ಹೊರುತ್ತಿದ್ದ ಸೈಕಲ್ಲು ಹೊರೆಯಾದ ಕತೆ

ಮೌಂಟೇನ್ ಬೈಕಿಗೆ ಕ್ಯಾರಿಯರ್ ಇರುವುದಿಲ್ಲ. ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಚೈನ್ ಕವರ್ ಇಲ್ಲ. ಗಂಟೆ ಇದ್ದರೆ ಅದೇ ಹೆಚ್ಚು. ನಮ್ಮ ಕಾಲದಲ್ಲಿ ಏನೇನು ಇದೆಯೆಂದು ನೋಡಿ ಸೈಕಲ್ ಕೊಳ್ಳುತ್ತಿದ್ದರೋ ಅದನ್ನೆಲ್ಲ ಬಿಚ್ಚಿಟ್ಟು, ಉಳಿದದ್ದಕ್ಕೆ ಹಲವು ಪಟ್ಟು ಬೆಲೆ ಹಾಕಿದ್ದಾರೆ. ಒಂದು ಕೊಡ ನೀರು, ಒಂದು ಕಟ್ಟು ಮೇವು, ಹೆಂಡತಿ, ಮಗು, ಯಾವುದನ್ನೂ ಅದರ ಮೇಲೆ ಕೂರಿಸಲಾಗದು. ಏನನ್ನೂ ಹೊರದ ಈ ಸೈಕಲ್ಲನ್ನು ಇನ್ನೊಂದು ಗಾಡಿ ಹೊತ್ತು ಒಯ್ಯಬೇಕು. ಆ ಇನ್ನೊಂದು ಗಾಡಿ ನನ್ನದು.

ನಾನು ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ ಬಾಡಿಗೆಗೆ ಪಿಕಪ್ ಓಡಿಸುವವನು. ಮೂಲ ಬೀದರ್ ಜಿಲ್ಲೆಯ ಹುಮನಾಬಾದ್ ಕಡೆ. ವಾರವೆಲ್ಲ ಫ್ಯಾಕ್ಟರಿಗಳ ಡ್ರಮ್ಮು, ರಟ್ಟಿನ ಪೆಟ್ಟಿಗೆ, ಮನೆ ಬದಲಿಸುವವರ ಮಂಚ-ಬೀರು, ಶನಿವಾರ-ಭಾನುವಾರ ಸೈಕಲ್ಲು. ನಸುಕಿನಲ್ಲಿ ಮುತ್ತಂಗಿಯಲ್ಲಿ ಹೊರವರ್ತುಲ ರಸ್ತೆ ಇಳಿಯುವ ಜಾಗದಲ್ಲಿ ಸಾಫ್ಟ್‌ವೇರ್ ಹುಡುಗರು, ಹುಡುಗಿಯರು ಸೈಕಲ್ ಹಿಡಿದು ನಿಂತಿರುತ್ತಾರೆ. ಅವನ್ನು ಡಾಲಾದಲ್ಲಿ, ಅಂದರೆ ಪಿಕಪ್ಪಿನ ಹಿಂದಿನ ತೆರೆದ ತೊಟ್ಟಿಯಲ್ಲಿ, ಕಟ್ಟಿಕೊಂಡು ವಿಕಾರಾಬಾದಿನ ಅನಂತಗಿರಿ ಗುಡ್ಡಕ್ಕೋ, ಜಹೀರಾಬಾದ್ ಮೇಲೆ ಬೀದರಿಗೋ ಹೋಗುತ್ತೇನೆ. ಅವರು ಹಿಂದೆ ಕಾರಿನಲ್ಲಿ ಬರುತ್ತಾರೆ.

ಬೀದರಿನ ಹೊರಗೆ ಚಹಾಕ್ಕೆ ನಿಲ್ಲಿಸಿದಾಗ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಡಾಲಾ ನೋಡಿ ಕೇಳಿದರು:

"ಸೈಕಲ್ ಕೆಟ್ಟಾವೇನೋ ತಮ್ಮಾ?"

"ಇಲ್ರೀ ಕಾಕಾ, ಎಲ್ಲಾ ಛಲೋ ಅವ."

"ಮತ್ತ ಮಾರ್ಲಿಕ್ಕ ಒಯ್ಲತ್ತೀ?"

"ಇಲ್ರೀ, ಈ ಹುಡುಗ್ರು ಮುಂದ ಗುಡ್ಡದಾಗ ಹೊಡೀತಾರ."

"ಇಲ್ಲಿತನಕಾನೂ ಹೊಡ್ಕೊಂಡೇ ಬರ್ಲಿಲ್ಲ ಯಾಕ? ಸೈಕಲ್ಲ ಅಲ್ಲೇನು ಅವು?"

ಕಾಕಾನ ಕಾಲದಲ್ಲಿ ಬಂಡಿಯ ಮೇಲೆ ಸೈಕಲ್ ಕಂಡರೆ ಮೂರೇ ಅರ್ಥ: ಕೆಟ್ಟಿದೆ, ಮಾರಾಟವಾಗಿದೆ, ಇಲ್ಲವೇ ಅಳಿಯನಿಗೆ ಕೊಡುಗೆಯಾಗಿ ಹೋಗುತ್ತಿದೆ. ನಾಲ್ಕನೆಯ ಅರ್ಥ ಹುಟ್ಟಿದ್ದು ಹೇಗೆ ಎಂಬುದಕ್ಕೆ ಉತ್ತರ ಈ ದಾರಿಯಲ್ಲಿಯೇ ಇದೆ. ಆದ್ದರಿಂದ ದಾರಿಯಿಂದಲೇ ಶುರು ಮಾಡುತ್ತೇನೆ.

ಪಟಾನ್‌ಚೆರು ಅಂದರೆ ಇವತ್ತು ಔಷಧ ಕಾರ್ಖಾನೆ, ರಾಸಾಯನಿಕದ ವಾಸನೆ, ನಕ್ಕವಾಗು ಹಳ್ಳದ ಹಾಳಾದ ನೀರು ಎಂದೇ ಹೆಸರು. ನಮ್ಮೂರ ಮಠದಲ್ಲಿ ಪುರಾಣ ಕೇಳಿ ಬೆಳೆದವರಿಗೆ ಇದು ಪೊಟ್ಟಳಕೆರೆ. ದೇವರ ದಾಸಿಮಯ್ಯ, ರಾಣಿ ಸುಗ್ಗಲೆ, ಆಕೆಯ ಗಂಡ ಜಯಸಿಂಹ, ಈ ಮೂವರ ಕತೆ ನಡೆಯುವುದು ಇಲ್ಲಿ. ಪುರಾಣವನ್ನು ಬದಿಗಿಟ್ಟರೂ ಕಲ್ಯಾಣದ ಚಾಲುಕ್ಯರ ಇಮ್ಮಡಿ ಜಯಸಿಂಹನಿಗೆ ಪೊಟ್ಟಳಕೆರೆ ನೆಲೆವೀಡಾಗಿತ್ತು ಎಂದು ಶಾಸನಗಳೇ ಹೇಳುತ್ತವೆ. ಅವನು ಪಟ್ಟಕ್ಕೆ ಬಂದದ್ದು 1015ರ ಸುಮಾರಿಗೆ. ಅವನ ಮಗ ಒಂದನೆಯ ಸೋಮೇಶ್ವರನ ಕಾಲಕ್ಕೆ ರಾಜಧಾನಿ ಕಲ್ಯಾಣವಾಯಿತು, ಅಂದರೆ ಈಗಿನ ಬಸವಕಲ್ಯಾಣ. ಇಲ್ಲಿ ಜೈನ ಬಸದಿಗಳೂ ಇದ್ದವು. ಪಟಾನ್‌ಚೆರುವಿನ ಜಿನಮೂರ್ತಿಗಳು ಈಗ ಹೈದರಾಬಾದಿನ ವಸ್ತುಸಂಗ್ರಹಾಲಯದಲ್ಲಿವೆ. ಪೊಟ್ಟಳಕೆರೆಗೂ ಕಲ್ಯಾಣಕ್ಕೂ ನಡುವಿನ ದಿಕ್ಕು ನಾನು ಇವತ್ತು ಜಹೀರಾಬಾದಿಗೆ ಹಿಡಿಯುವ ದಿಕ್ಕೇ.

ಅರಸನ ನೆಲೆವೀಡೆಂದರೆ ಅಕ್ಕಿ, ಜೋಳ, ಎಣ್ಣೆ, ಉಪ್ಪು ದಿನವೂ ಬಂದು ಬೀಳಬೇಕು. ಅದನ್ನು ತರಲು ಈ ನೆಲ ಎಂಥದ್ದು ಎಂದು ತಿಳಿಯಬೇಕಾದರೆ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಬೇಲಿಯೊಳಗೆ ನೋಡಿದರೆ ಸಾಕು. 1972ರಲ್ಲಿ ಒಣಭೂಮಿಯ ಬೆಳೆಗಳ ಈ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಲ್ಲಿ ಬಂದಾಗ ಜಾಗಕ್ಕಿದ್ದ ಒಂದು ದೊಡ್ಡ ಅನುಕೂಲವೆಂದರೆ, ಸುಮಾರು 1,400 ಹೆಕ್ಟೇರಿನ ಒಂದೇ ಆವರಣದಲ್ಲಿ ಎರೆ ಮಣ್ಣೂ ಇದೆ, ಕೆಂಪು ಮಣ್ಣೂ ಇದೆ. ಜೋಳ, ತೊಗರಿ, ಕಡಲೆ ಬೆಳೆಯುವ ವಿಜ್ಞಾನಿಗೆ ಅದು ವರ. ಗಾಡಿ ಹೊಡೆಯುವವನಿಗೆ ಎರಡು ಬೇರೆ ಬೇರೆ ಶತ್ರುಗಳು. ಎರೆ ನೆಲ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಗಾಲಿಯನ್ನು ಗುಂಭದ ತನಕ ಹಿಡಿದುಕೊಳ್ಳುತ್ತದೆ. ಕೆಂಪು ಮುರದ, ಅಂದರೆ ಗರಸಿನ ನೆಲ ಹಾಗೆ ಹಿಡಿಯುವುದಿಲ್ಲ, ಕುಟ್ಟುತ್ತದೆ. ಗಾಲಿ ಓಡಾಡಿದಂತೆ ದಾರಿಯ ತುಂಬ ಸಣ್ಣ ಸಣ್ಣ ಅಲೆ ಏಳುತ್ತವೆ. ಜಹೀರಾಬಾದ್ ದಾಟಿ ಬೀದರಿನ ಕಡೆ ಏರಿದರೆ ಪೂರಾ ಜಂಬಿಟ್ಟಿಗೆಯ ಪ್ರಸ್ಥಭೂಮಿ. ಆ ಕಲ್ಲನ್ನೇ ಕೊರೆದು ಬಹಮನಿಗಳ ಕಾಲದಲ್ಲಿ ಬೀದರಿಗೆ ಸುರಂಗದಲ್ಲಿ ನೀರು ತಂದಿದ್ದರು.

ಇಂಥ ನೆಲದಲ್ಲಿ ಬಹುಕಾಲ ದೂರದ ಸಾಗಾಟ ನಡೆದದ್ದು ಗಾಲಿಯ ಮೇಲಲ್ಲ, ಎತ್ತಿನ ಬೆನ್ನ ಮೇಲೆ. ದಖ್ಖನಿನ ಸೈನ್ಯಗಳಿಗೆ ಧಾನ್ಯ, ಉಪ್ಪು ತಂದು ಕೊಟ್ಟವರು ಲಂಬಾಣಿಗಳು. ಮೊಗಲರ ದಂಡಿಗೂ ಅವರೇ, ನಿಜಾಮರ ದಂಡಿಗೂ ಅವರೇ. ಸಾವಿರಾರು ಹೇರೆತ್ತು, ಎತ್ತಿನ ಎರಡೂ ಮಗ್ಗುಲಿಗೆ ಸಮ ತೂಕದ ಗೋಣಿ. ಹೇರೆತ್ತಿಗೆ ದಾರಿ ಬೇಕಿಲ್ಲ, ದಿಕ್ಕು ಇದ್ದರೆ ಸಾಕು. ನಾರಾಯಣಖೇಡ, ಜಹೀರಾಬಾದ್, ಔರಾದ್ ಸುತ್ತಲಿನ ತಾಂಡಾಗಳಲ್ಲಿ ಈಗ ಇರುವವರು ಆ ಸಾಗಾಟದವರ ಮಕ್ಕಳು-ಮೊಮ್ಮಕ್ಕಳು. ರಸ್ತೆ ಆಯಿತು, ರೈಲು ಬಂತು, ಅವರ ಕಸುಬು ಹೋಯಿತು. ಈ ದಾರಿಯಲ್ಲಿ ದಾರಿ ಸುಧಾರಿಸಿದಾಗಲೆಲ್ಲ ಯಾರದೋ ಒಂದು ಕಸುಬು ಎದ್ದು ಹೋಗಿದೆ, ಇನ್ನೊಂದು ಬಂದು ಕೂತಿದೆ. ಅದರ ಮೊದಲ ಸರದಿ ಲಂಬಾಣಿಗಳದ್ದು.

ಎರಡನೆಯದು ಬಂಡಿಯವರದ್ದು. ನಮ್ಮಪ್ಪ ಬಂಡಿ ಹೊಡೆದವರು. ಕಬ್ಬು, ಜೋಳ, ಆಲೂಗಡ್ಡೆ, ಹಸಿ ಶುಂಠಿ, ಮದುವೆಯ ದಿಬ್ಬಣ, ಎಲ್ಲಕ್ಕೂ ಅದೇ ಬಂಡಿ. ಬಂಡಿಯವನ ವಿದ್ಯೆಯೆಲ್ಲ ಹೇರುವುದರಲ್ಲಿ ಇರುತ್ತಿತ್ತು. ಎರಡೇ ಗಾಲಿಯ ಗಾಡಿ. ಅಚ್ಚಿಗಿಂತ ಮುಂದೆ ತೂಕ ಹೆಚ್ಚಾದರೆ ನೊಗ ಎತ್ತಿನ ಹೆಗಲು ಕೆತ್ತುತ್ತದೆ, ಹಿಂದೆ ಹೆಚ್ಚಾದರೆ ಬಂಡಿಯ ಮುಂದಕ್ಕೆ ಚಾಚಿದ ಮೂಕಿ ಮೇಲೆದ್ದು ನೊಗದ ಜತ್ತಿಗೆ ಪಟ್ಟಿ ಕುತ್ತಿಗೆಗೆ ಬಿಗಿಯುತ್ತದೆ. ಹೇರಿದ ಮೇಲೆ ಅಪ್ಪ ಮೂಕಿಯನ್ನು ಒಂದು ಕೈಯಿಂದ ಎತ್ತಿ ನೋಡುತ್ತಿದ್ದರು. ಒಂದು ಕೈಗೆ ತುಸು ಭಾರ ಅನಿಸಿದರೆ ಸರಿ. ಪುಂಡಿ ನಾರಿನ ಹಗ್ಗ ಮಳೆಗೆ ನೆನೆದರೆ ತಾನೇ ಬಿಗಿಯುತ್ತದೆ ಎಂದು ಸಂಜೆಯ ಗಂಟನ್ನು ಸಡಿಲ ಬಿಡುತ್ತಿದ್ದರು. ಹೊರಡುವ ಮುಂಚೆ ಕಡಾಣಿ ಮುಟ್ಟಿ ನೋಡುವುದು, ಕೀಲೆಣ್ಣೆ ಹಚ್ಚುವುದು. ಇಷ್ಟಾದ ಮೇಲೆ ಎತ್ತಿಗೆ ಮಾತು.

ಆ ಹೊತ್ತಿಗಾಗಲೇ ದಾರಿಗೆ ಮೋಟಾರು ಬಂದಿತ್ತು. 1932ರಲ್ಲಿ ನಿಜಾಮರ ಸರಕಾರಿ ರೈಲ್ವೆ ರಸ್ತೆ ಸಾರಿಗೆ ವಿಭಾಗವನ್ನು ತೆರೆದು 27 ಬಸ್ಸು, 166 ನೌಕರರಿಂದ ಶುರು ಮಾಡಿತು. ವಿಕಾರಾಬಾದಿನಿಂದ ಬೀದರಿಗೆ ರೈಲೂ ನಿಜಾಮರ ಕಾಲದ್ದೇ. 1948ರ ಸೆಪ್ಟೆಂಬರ್ 13ರಂದು ಸೋಲಾಪುರದ ಕಡೆಯಿಂದ ಹೈದರಾಬಾದ್ ಸಂಸ್ಥಾನದ ಮೇಲೆ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಭಾರತೀಯ ಸೇನೆ ಹೊರಟಿತು. ನಳದುರ್ಗ, ಹುಮನಾಬಾದ್, ಜಹೀರಾಬಾದ್ ದಾಟಿ ಅದು ಹೈದರಾಬಾದಿನತ್ತ ಬಂದದ್ದು ಇದೇ ರಸ್ತೆಯಲ್ಲಿ. ಇಷ್ಟೊಂದು ಟ್ರಕ್ಕು ಒಂದೇ ಸಾಲಿನಲ್ಲಿ ಹೋದದ್ದನ್ನು ನಮ್ಮ ಕಡೆಯ ಹಳ್ಳಿಯವರು ಅದೇ ಮೊದಲು ಕಂಡದ್ದು ಎಂದು ಮನೆಯಲ್ಲಿ ಹೇಳುತ್ತಿದ್ದರು. ಮುಂದೆ ರಾಜ್ಯಗಳ ಪುನರ್ವಿಂಗಡಣೆಯಲ್ಲಿ, 1956ರ ನವೆಂಬರ್ 1ರಂದು, ಬೀದರ್ ಜಿಲ್ಲೆ ಒಡೆಯಿತು. ನಿರ್ಣಾ ಭಾಗವೊಂದನ್ನು ಬಿಟ್ಟು ಜಹೀರಾಬಾದ್ ತಾಲ್ಲೂಕು, ನ್ಯಾಲಕಲ್ ಭಾಗ, ನಾರಾಯಣಖೇಡ ತಾಲ್ಲೂಕು ಆಂಧ್ರಕ್ಕೆ ಹೋದವು. ಬೀದರ್ ಮೈಸೂರು ರಾಜ್ಯಕ್ಕೆ ಬಂತು. ಒಂದೇ ಜಿಲ್ಲೆಯೊಳಗಿನ ದಾರಿಯ ನಡುವೆ ಗಡಿ ಬಂತು, ಚಿರಾಗಪಲ್ಲಿಯಲ್ಲಿ ನಾಕಾ ಬಂತು. ಲಾರಿಯವನಿಗೆ ಕಾಗದ, ಪರ್ಮಿಟ್ಟು, ಸಾಲು. ಸೈಕಲ್ಲಿನವನು ಮಾತ್ರ ಪಕ್ಕದಿಂದ ಸುಮ್ಮನೆ ತುಳಿದುಕೊಂಡು ಹೋಗುತ್ತಿದ್ದ.

ಸೈಕಲ್ಲಿನ ನಿಜವಾದ ಕಾಲ ಅದು. 1949ರಲ್ಲಿ ಮದರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಎಂಬ ಹೆಸರುಗಳು ಎತ್ತುಗಳ ಹೆಸರಿನ ಹಾಗೆ ಮನೆಮನೆಯ ಬಾಯಲ್ಲಿ ಬಂದವು. ವರನಿಗೆ ಕೈಗಡಿಯಾರ, ರೇಡಿಯೊ, ಸೈಕಲ್ಲು ಎಂದು ಮಾತುಕತೆ ಆಗುತ್ತಿತ್ತು. ಸೈಕಲ್ಲಿಗೂ ತೆರಿಗೆ ಇತ್ತು. ಕಟ್ಟಿದರೆ ಸಣ್ಣ ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆ ಇಲ್ಲದ ಸೈಕಲ್ಲನ್ನೂ, ರಾತ್ರಿ ದೀಪವಿಲ್ಲದ ಸೈಕಲ್ಲನ್ನೂ, ಇಬ್ಬರು ಕೂತ ಸೈಕಲ್ಲನ್ನೂ ಪೊಲೀಸರು ಹಿಡಿಯುತ್ತಿದ್ದರು.

ಇಪ್ಪತ್ತು ಕಿಲೋ ತೂಗುವ ಆ ಕರಿ ಸೈಕಲ್ಲು ತನ್ನ ನಾಲ್ಕೈದು ಪಟ್ಟು ಹೊರುತ್ತಿತ್ತು. ಹಾಲಿನವನು ಎರಡೂ ಬದಿಗೆ ಕ್ಯಾನು ತೂಗುಹಾಕುತ್ತಿದ್ದ. ಮೆದಕ್ ಕಡೆಯ ಹೆಂಡ ಇಳಿಸುವ ಗೌಡರು ಈಚಲು ಹೆಂಡದ ಮಡಕೆಗಳನ್ನು ಕಟ್ಟಿಕೊಂಡು ಬರುತ್ತಿದ್ದರು. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವನ ಸೈಕಲ್ಲಿನಲ್ಲಿ ಅವನ ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇವರು ಯಾರೂ ಅಂಗಡಿಯಿಂದ ತಂದ ಸೈಕಲ್ಲನ್ನು ಹಾಗೇ ಹೊಡೆಯುತ್ತಿರಲಿಲ್ಲ. ಕಮ್ಮಾರನ ಹತ್ತಿರ ಹೋಗಿ ದಪ್ಪ ಸರಳಿನ ಕ್ಯಾರಿಯರ್ ಮಾಡಿಸಿ, ಅದಕ್ಕೆ ಅಚ್ಚಿನಿಂದ ಎರಡು ಹೆಚ್ಚಿನ ಕಾಲು ಬೆಸೆಸಿ, ಅಗಲದ ಸ್ಟ್ಯಾಂಡ್ ಹಾಕಿಸುತ್ತಿದ್ದರು. ಫ್ರೇಮಿಗೆ ಮೇಲೆ ಎರಡು ಪೈಪು ಇರುವ ಡಬಲ್ ಬಾರ್ ಸೈಕಲ್ಲಿಗೆ ಹೆಚ್ಚು ಬೆಲೆ. ಸಾಮಾನು ಕಟ್ಟಲು ಹಳೆ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿ. ಎರೆ ಮಣ್ಣಿನ ಕೆಸರಿನಲ್ಲಿ ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಗಾಲಿ ನಿಂತರೆ ಇಳಿದು ಕಡ್ಡಿಯಿಂದ ಕೆರೆದು ಮುಂದೆ ಹೋಗುತ್ತಿದ್ದರು. ನಮ್ಮ ಹಳ್ಳಿಗಳಿಗೆ ಪಿಕಪ್ ಅಂತ ಒಂದು ಇದ್ದರೆ ಆಗ ಅದು ಸೈಕಲ್ಲೇ. ತೀರ ದೂರದ ಊರಿಗೆ ಮಾತ್ರ ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿ ಲಗೇಜ್ ಟಿಕೆಟ್ ತಗೊಳ್ಳುತ್ತಿದ್ದರು, ಇಳಿದ ಊರಿನಲ್ಲಿ ಅದರ ಮೇಲೆಯೇ ದುಡಿಯಬೇಕು ಅಂತ.

ಇದೇ ಹೊತ್ತಿನಲ್ಲಿ ದೊಡ್ಡವರು ಬಂಡಿಯನ್ನು ಸುಧಾರಿಸಲು ಹೊರಟರು. ಕಬ್ಬಿಣದ ಹಳಿಯ ಗಾಲಿ ಡಾಂಬರನ್ನು ಕೊಯ್ಯುತ್ತದೆ, ಎತ್ತಿಗೂ ತ್ರಾಸು. ಗಾಳಿ ತುಂಬಿದ ಟೈರು ಹಾಕಿದ ಡನ್ಲಪ್ ಬಂಡಿ ಕಬ್ಬಿನ ಕಾರ್ಖಾನೆಗಳ ಸುತ್ತ ಚೆನ್ನಾಗಿ ನಡೆಯಿತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಬಂಡಿಯ ಸುಧಾರಣೆಗಾಗಿ ಬಹಳ ವರ್ಷ ಓಡಾಡಿದರು. ಇಲ್ಲಿ ಇಕ್ರಿಸ್ಯಾಟ್‌ನಲ್ಲಿ ಎಪ್ಪತ್ತರ ದಶಕದಲ್ಲಿ ಟ್ರಾಪಿಕಲ್ಟರ್ ಎಂಬ ಟೈರು ಗಾಲಿಯ ಚೌಕಟ್ಟು ಬಂತು. ಅದನ್ನು ರೂಪಿಸಿದವರು ಫ್ರೆಂಚ್ ಎಂಜಿನಿಯರ್ ಝಾನ್ ನೋಲ್. ಕೆಳಗೆ ನೇಗಿಲು ಕಟ್ಟಿದರೆ ಉಳುಮೆ, ಕೂರಿಗೆ ಕಟ್ಟಿದರೆ ಬಿತ್ತನೆ, ಮೇಲೆ ಹಲಗೆ ಹಾಕಿದರೆ ಬಂಡಿ. ಎರೆ ನೆಲದಲ್ಲಿ ಅದು ಕೆಲಸ ಮಾಡಿದ್ದು ನಿಜ. ಬೆಲೆ ಮಾತ್ರ ಬಡ ರೈತನ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಪಾಲ್ ಸ್ಟಾರ್ಕೀ 1988ರಲ್ಲಿ ಇಂಥ ಗಾಡಿಗಳ ಜಗತ್ತಿನ ಕತೆಯನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದರು: ತಜ್ಞರು ಪರಿಪೂರ್ಣ ಮಾಡಿದ್ದನ್ನು ರೈತರು ಬೇಡವೆಂದರು ಎಂಬುದು ಅದರ ಸಾರ. ಗಾಡಿಯ ಮೇಲೆ ದಿನ ಕಳೆಯುವವನಾಗಿ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಎಲ್ಲ ಕೆಲಸಕ್ಕೂ ಆಗುವ ಗಾಡಿಯನ್ನು ಬಿಚ್ಚಿ ಕಟ್ಟುತ್ತ ಕೂತರೆ ಬಿತ್ತನೆಯ ಹದ ತಪ್ಪುತ್ತದೆ.

ಬಂಡಿಯನ್ನು ದಾರಿಯಿಂದ ನಿಜವಾಗಿ ಎಬ್ಬಿಸಿದ್ದು ಅದೇ ರಸ್ತೆಯ ಮೇಲೆ ಬಂದ ಒಂದು ಟ್ರಕ್ ಕಾರ್ಖಾನೆ. ಹೈದರಾಬಾದ್ ಆಲ್ವಿನ್ 1942ರಲ್ಲಿ ನಿಜಾಮರ ಕೈಗಾರಿಕಾ ನಿಧಿಯ ನೆರವಿನಿಂದ ಹುಟ್ಟಿದ ಕಂಪನಿ. ಬಸ್ಸಿನ ಬಾಡಿ ಕಟ್ಟಿ, ಫ್ರಿಜ್ಜು ಮಾಡಿ, ಕೈಗಡಿಯಾರ ಮಾಡಿ ಹೆಸರಾಗಿತ್ತು. ಎಂಬತ್ತರ ದಶಕದಲ್ಲಿ ಜಪಾನಿನ ಕಂಪನಿಗಳ ಜೊತೆ ಸೇರಿ ಹಗುರ ಟ್ರಕ್ ಮಾಡಲು ಸರಕಾರ ನಾಲ್ವರಿಗೆ ಅನುಮತಿ ಕೊಟ್ಟಿತು: ಡಿಸಿಎಂ ಟೊಯೋಟ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸಾನ್. ಆಲ್ವಿನ್ ನಿಸಾನ್ ಕಾರ್ಖಾನೆ ಬಂದದ್ದು ಜಹೀರಾಬಾದಿಗೆ. 1956ರ ತನಕ ಬೀದರ್ ಜಿಲ್ಲೆಯಲ್ಲಿದ್ದ ಊರಿನಲ್ಲಿ, ಕಬ್ಬಿನ ಬಂಡಿ ಹೋಗುವ ದಾರಿಯ ಪಕ್ಕದಲ್ಲಿ, ಜಪಾನಿ ನಮೂನೆಯ ಟ್ರಕ್ ಉರುಳಿತು. ಟಾಟಾದವರು 1986ರಲ್ಲಿ 407 ಬಿಟ್ಟರು. ದಶಕದ ಕೊನೆಗೆ ಜಹೀರಾಬಾದಿನ ಕಾರ್ಖಾನೆ ಮಹೀಂದ್ರಾ ಕೈಗೆ ಹೋಯಿತು. ಈಗಲೂ ಅದು ನಡೆಯುತ್ತಿದೆ. ನಾನು ಸ್ಟೀರಿಂಗ್ ಹಿಡಿಯುವ ಮುಂಚೆ ಕ್ಲೀನರ್ ಆಗಿ ಹತ್ತಿದ್ದು ಇಂಥದೊಂದು ಹಗುರ ಟ್ರಕ್ಕನ್ನೇ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಹಾಲಿನವನು ಸೈಕಲ್ಲಿನಿಂದ ಇಳಿದ, ಪಾತ್ರೆಯವನು ಇಳಿದ, ಹಳ್ಳಿಯ ಕಮ್ಮಾರನಿಗೆ ಕ್ಯಾರಿಯರ್ ಬೆಸೆಯುವ ಕೆಲಸ ಹೋಯಿತು. ಹೊರುವ ಕೆಲಸ ಸೈಕಲ್ಲಿನ ಕೈತಪ್ಪಿತು.

ಹೊರೆ ಇಳಿದ ಸೈಕಲ್ಲಿಗೆ ಹೊಸ ಕೆಲಸ ಬೇರೆ ಕಡೆ ಸಿಕ್ಕಾಗಿತ್ತು. ಕ್ಯಾಲಿಫೋರ್ನಿಯದ ಮರಿನ್ ಪ್ರದೇಶದಲ್ಲಿ ಎಪ್ಪತ್ತರ ದಶಕದಲ್ಲಿ ಕೆಲವು ತರುಣರು ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಗುಜರಿಯಿಂದ ತಂದು, ಮಡ್‌ಗಾರ್ಡು ಮೊದಲಾದವನ್ನು ಕಿತ್ತು ಹಾಕಿ, ಬೆಟ್ಟದ ಮಣ್ಣಿನ ದಾರಿಯಲ್ಲಿ ಇಳಿಜಾರಿಗೆ ಬಿಡತೊಡಗಿದರು. ಬೆಟ್ಟದ ಮೇಲಕ್ಕೆ ಕೆಲವರು ತಳ್ಳಿಕೊಂಡು ಹೋದರು, ಕೆಲವರು ಪಿಕಪ್ ಟ್ರಕ್ಕಿನ ಹಿಂದೆ ಸೈಕಲ್ ಹಾಕಿಕೊಂಡು ಹೋದರು. ಅಂದರೆ ಕಾಕಾ ಕೇಳಿದ ಪ್ರಶ್ನೆಗೆ ಮೊದಲ ಉತ್ತರ ಅಲ್ಲಿಯದು: ಮೌಂಟೇನ್ ಬೈಕ್ ಹುಟ್ಟುವಾಗಲೇ ಪಿಕಪ್ ಜೊತೆಗಿತ್ತು. 1976ರ ಅಕ್ಟೋಬರ್ 21ರಂದು ಅವರು ಶುರು ಮಾಡಿದ ಪಂದ್ಯಕ್ಕೆ ರಿಪ್ಯಾಕ್ ಎಂದು ಹೆಸರು. ಒಂದು ಇಳಿಜಾರು ಮುಗಿಯುವಷ್ಟರಲ್ಲಿ ಹಿಂಗಾಲಿಯ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಬಿಚ್ಚಿ ಗ್ರೀಸು ತುಂಬಬೇಕಿತ್ತು. ಕೀಲೆಣ್ಣೆಯ ಕಷ್ಟ ಎಲ್ಲ ಊರಿನಲ್ಲೂ ಒಂದೇ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಅಂಗಡಿಗೆ ಬಂತು; 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈ ಪಂದ್ಯಕ್ಕೂ ಪದಕ ಬಂತು.

ನಮ್ಮಲ್ಲಿಗೆ ಮೊದಲು ಬಂದದ್ದು ಅದರ ವೇಷ. ತೊಂಬತ್ತರ ದಶಕದಲ್ಲಿ ಹರ್ಕ್ಯುಲಿಸ್ ಎಂಟಿಬಿ, ಹೀರೋ ರೇಂಜರ್: ದಪ್ಪ ಟೈರು, ನೇರ ಹ್ಯಾಂಡಲ್ಲು, ಬಹಳಷ್ಟಕ್ಕೆ ಗೇರು ಇಲ್ಲ. ಶಾಲೆಯ ಹುಡುಗರು ಡಾಂಬರಿನ ಮೇಲೆಯೇ ಅವನ್ನು ಹೊಡೆದರು. ಅಪ್ಪಂದಿರು ಅವಕ್ಕೂ ಕ್ಯಾರಿಯರ್ ಹಾಕಿಸಿದರು. ನಿಜವಾದದ್ದು, ಅಂದರೆ ಮುಂದೆ ಶಾಕ್, ಗಾಲಿಗೆ ಡಿಸ್ಕ್ ಬ್ರೇಕ್, ಹಿಂದೆ ಗೇರಿನ ಗೊಂಚಲು ಇರುವಂಥದ್ದು ಹೈದರಾಬಾದಿನಲ್ಲಿ ಕಾಣಿಸಿಕೊಂಡದ್ದು ಸಾಫ್ಟ್‌ವೇರ್ ಕಚೇರಿಗಳು ತುಂಬಿದ ಮೇಲೆ. 2007ರಲ್ಲಿ ಹೈದರಾಬಾದ್ ಬೈಸಿಕ್ಲಿಂಗ್ ಕ್ಲಬ್ ಶುರುವಾಯಿತು. 158 ಕಿ.ಮೀ. ಉದ್ದದ ಹೊರವರ್ತುಲ ರಸ್ತೆ ಬಂತು. 2023ರಲ್ಲಿ ಅದರ ಪಕ್ಕದಲ್ಲಿ ಪಟಾನ್‌ಚೆರುವಿಗೆ ಹತ್ತಿರದ ಕೊಲ್ಲೂರಿನ ತನಕ, ಮೇಲೆ ಸೌರಫಲಕದ ಸೂರು ಇರುವ 23 ಕಿ.ಮೀ. ಸೈಕಲ್ ಪಥವೂ ಆಯಿತು. ರಸ್ತೆ ಇಷ್ಟು ನುಣ್ಣಗಾದ ಮೇಲೆ ಗುಂಡಿ-ಕಲ್ಲಿಗೆಂದೇ ಮಾಡಿದ ಸೈಕಲ್ಲನ್ನು ಎಲ್ಲಿ ಹೊಡೆಯುವುದು? ಪಕ್ಕದ ಹೆದ್ದಾರಿಯಲ್ಲಿ ಹೊಡೆಯುವ ಹಾಗಿಲ್ಲ. 2010ರಲ್ಲಿ 9ರಿಂದ 65ಕ್ಕೆ ಸಂಖ್ಯೆ ಬದಲಾದ ಆ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸೈಕಲ್ಲಿನವನಿಗೆ ಜೀವದ ಭರವಸೆ ಇಲ್ಲ. ಹಾಗಾಗಿ ಒಳ್ಳೆ ರಸ್ತೆಯನ್ನು ಪಿಕಪ್ಪಿನಲ್ಲಿ ದಾಟಿ ಕೆಟ್ಟ ದಾರಿಯನ್ನು ಮುಟ್ಟುವ ವ್ಯವಹಾರ ಶುರುವಾಯಿತು.

ಇನ್ನು ಕಟ್ಟುವ ವಿಷಯ. ಮೊದಲ ಸಂಕಟ ತೂಕದ್ದು. ನನ್ನ ಗಾಡಿ ಒಂದೂವರೆ ಟನ್ನಿನ ಆಸುಪಾಸು ಹೊರಲು ಮಾಡಿದ್ದು. ಮೌಂಟೇನ್ ಬೈಕ್ ಒಂದಕ್ಕೆ ಹದಿಮೂರು-ಹದಿನಾಲ್ಕು ಕಿಲೋ. ಹತ್ತು ಏರಿಸಿದರೂ ಒಂದೂವರೆ ಕ್ವಿಂಟಲ್ ಆಗುವುದಿಲ್ಲ. ಹಿಂದಿನ ಕಮಾನ್ ಪಟ್ಟಿಗಳಿಗೆ ಇದು ಭಾರವೇ ಅಲ್ಲ. ಪಟ್ಟಿ ಬಾಗದಿದ್ದರೆ ಪ್ರತಿ ಗುಂಡಿಯ ಪೆಟ್ಟೂ ನೇರ ಡಾಲಾಕ್ಕೆ. ತುಂಬಿದ ಪಿಕಪ್ ಮುರದ ದಾರಿಯಲ್ಲಿ ತೂಗಿಕೊಂಡು ಹೋಗುತ್ತದೆ, ಖಾಲಿ ಪಿಕಪ್ ನೆಗೆಯುತ್ತದೆ. ಆದ್ದರಿಂದ ಸೈಕಲ್ ಏರಿಸುವ ಮೊದಲು ನಾನು ಮರಳಿನ ಚೀಲ ಏರಿಸುತ್ತೇನೆ, ಅಚ್ಚಿನ ನೇರಕ್ಕೆ, ತುಸು ಮುಂದೆ. ಅಪ್ಪ ಮೂಕಿ ಎತ್ತಿ ನೋಡುತ್ತಿದ್ದ ಲೆಕ್ಕವೇ ಇದು. ಡಾಂಬರು ಬಿಟ್ಟು ಮಣ್ಣಿನ ದಾರಿಗೆ ಇಳಿಯುವಾಗ ಹಿಂದಿನ ಟೈರುಗಳ ಗಾಳಿಯನ್ನೂ ಸ್ವಲ್ಪ ಇಳಿಸುತ್ತೇನೆ. ಮೊದಮೊದಲು ಹುಡುಗರು ನಗುತ್ತಿದ್ದರು: "ಅಂಕಲ್, ನಮ್ಮ ಸೈಕಲ್‌ಗಿಂತ ನಿಮ್ಮ ಮರಳೇ ಜಾಸ್ತಿ ಇದೆಯಲ್ಲ!"

ಡಾಲಾದ ಹಿಂತುದಿ ಅಚ್ಚಿನಿಂದ ದೂರ, ಅದಕ್ಕೇ ಹೆಚ್ಚು ಎಗರುತ್ತದೆ. ಅತಿ ನಾಜೂಕಿನ ಸೈಕಲ್ಲು ಕ್ಯಾಬಿನ್ನಿನ ಬೆನ್ನಿಗೆ, ಗಟ್ಟಿಯವು ಹಿಂದಕ್ಕೆ. ಮುಂಗಾಲಿ ಬಿಚ್ಚಿ ಫೋರ್ಕನ್ನು ಹಲಗೆಗೆ ಕೂರಿಸಿದ ಕ್ಲಾಂಪಿಗೆ ಹಾಕುವುದು ಎಲ್ಲಕ್ಕಿಂತ ಭದ್ರ. ಗಾಲಿ ಬಿಚ್ಚಿದಾಗ ಡಿಸ್ಕ್ ಬ್ರೇಕಿನ ಎರಡು ಪ್ಯಾಡಿನ ನಡುವೆ ಪ್ಲಾಸ್ಟಿಕ್ಕಿನ ತುಂಡೋ ಮಡಿಸಿದ ರಟ್ಟೋ ಸಿಕ್ಕಿಸಬೇಕು. ಇಲ್ಲವಾದರೆ ದಾರಿಯಲ್ಲಿ ಯಾವುದಾದರೂ ಲಿವರನ್ನು ಒತ್ತಿದರೆ ಪ್ಯಾಡುಗಳು ಕೂಡಿಕೊಂಡು ಗಾಲಿ ಮತ್ತೆ ಒಳಗೆ ಹೋಗುವುದಿಲ್ಲ. ಚೈನನ್ನು ಹಿಂದಿನ ಅತಿ ಸಣ್ಣ ಚಕ್ರಕ್ಕೆ ಇಳಿಸಿದರೆ ಗೇರು ಬದಲಿಸುವ ಡಿರೇಲರ್ ಹೊರಗೆ ಚಾಚುತ್ತದೆ, ದೊಡ್ಡದಕ್ಕೆ ಏರಿಸಿದರೆ ಒಳಗೆ ಸರಿಯುತ್ತದೆ; ಡಾಲಾದಲ್ಲಿ ಒಳಗೆ ಸರಿದದ್ದೇ ಕ್ಷೇಮ. ಅದನ್ನು ಹಿಡಿದ ಸಣ್ಣ ಕೊಂಡಿ ಪೆಟ್ಟು ಬಿದ್ದರೆ ಬಾಗಲೆಂದೇ ಮೆತ್ತಗೆ ಮಾಡಿದ್ದು. ಅದು ಬಾಗಿದರೆ ಗುಡ್ಡ ತಲುಪಿಯೂ ಗೇರು ಬೀಳುವುದಿಲ್ಲ, ಬಂದವನ ದಿನವೇ ಹಾಳು. ಒಂದು ಸೈಕಲ್ಲಿನ ಪೆಡಲ್ಲು ಇನ್ನೊಂದರ ಫ್ರೇಮು ಕೆರೆಯದಂತೆ ಒಂದರ ಮುಖ ಆ ಕಡೆ, ಇನ್ನೊಂದರದ್ದು ಈ ಕಡೆ, ನಡುವೆ ಹಳೆ ಕಂಬಳಿ.

ಹಗ್ಗ ಎಲ್ಲಿ ಹಾಕಬೇಕು ಎಂಬುದೂ ಒಂದು ಪಾಠ. ಕರಿ ಸೈಕಲ್ಲಿಗೆ ಎಲ್ಲಿ ಕಟ್ಟಿದರೂ ನಡೆಯುತ್ತಿತ್ತು, ಅದು ಕಬ್ಬಿಣ. ಕಾರ್ಬನ್ ಫ್ರೇಮನ್ನು ಬಿಗಿದು ಒತ್ತಿದರೆ ಒಳಗೇ ಸೀಳುತ್ತದೆ, ಹೊರಗೆ ಗುರುತು ಕಾಣುವುದಿಲ್ಲ. ಅದಕ್ಕೆ ಗಾಲಿಯ ರಿಮ್ಮನ್ನು ಕೆಳಗೆ ಎಳೆದು ಕಟ್ಟಬೇಕು, ಫ್ರೇಮು ವಾಲದಂತೆ ಮಾತ್ರ ತಡೆಯಬೇಕು. ನೈಲಾನ್ ಪಟ್ಟಿ ಪುಂಡಿ ಹಗ್ಗದ ಹಾಗಲ್ಲ, ನೆನೆದರೆ ಸಡಿಲವಾಗುತ್ತದೆ. ಒಣ ದಿನದಲ್ಲೂ ಕಂಬಳಿ, ಸ್ಪಂಜು ಕುಲುಕಾಟಕ್ಕೆ ಅಮುಕಿಕೊಂಡು ಪಟ್ಟಿ ಸಡಿಲುತ್ತದೆ. ಆದ್ದರಿಂದ ಹೊರಟ ಸ್ವಲ್ಪ ಹೊತ್ತಿಗೆ, ಇಸ್ನಾಪುರ ದಾಟುವಷ್ಟರಲ್ಲಿ, ನಿಲ್ಲಿಸಿ ಎಲ್ಲವನ್ನೂ ಇನ್ನೊಮ್ಮೆ ಬಿಗಿಯುತ್ತೇನೆ. ಡಾಂಬರು ಮುಗಿಯುವಲ್ಲಿ ಮತ್ತೊಮ್ಮೆ. ತೀರ ನಾಜೂಕಿನ ಜಾಗಕ್ಕೆ ನನಗೆ ಈಗಲೂ ನಂಬಿಕೆ ಹಳೆ ಟ್ಯೂಬಿನ ಪಟ್ಟಿಯ ಮೇಲೆ. ಪಾತ್ರೆಯವನು ಸೈಕಲ್ಲಿಗೆ ಸಾಮಾನು ಕಟ್ಟುತ್ತಿದ್ದ ಅದೇ ಪಟ್ಟಿಯಿಂದ ನಾನು ಸೈಕಲ್ಲನ್ನು ಕಟ್ಟುತ್ತೇನೆ. ರಬ್ಬರು ಕುಲುಕಿಗೆ ಹಿಗ್ಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ, ಹಿಡಿದದ್ದನ್ನು ಕೆರೆಯುವುದಿಲ್ಲ.

ಹೊರೆ ಬದಲಾಗಿದೆ, ಹೊರೆಯ ಲೆಕ್ಕ ತಲೆಕೆಳಗಾಗಿದೆ. ಹೇರೆತ್ತಿನಿಂದ 407ರ ತನಕ ಈ ದಾರಿಯಲ್ಲಿ ಬಾಡಿಗೆ ಎಂದರೆ ತೂಕ ಮತ್ತು ದೂರ. ಎಷ್ಟು ಭಾರವೋ ಅಷ್ಟು ಹಣ. ಸೈಕಲ್ಲಿನಲ್ಲಿ ತೂಕ ಇಳಿದಷ್ಟೂ ಬೆಲೆ ಏರುತ್ತದೆ, ನನ್ನ ಜವಾಬ್ದಾರಿಯೂ ಏರುತ್ತದೆ. ನಾನು ಎಣಿಸುವುದು ಹ್ಯಾಂಡಲ್ಲುಗಳನ್ನು, ಕಿಲೋಗಳನ್ನಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಚಿರಾಗಪಲ್ಲಿಯ ತೆರಿಗೆ ನಾಕಾ ಎದ್ದುಹೋಯಿತು. ಅದಕ್ಕೂ ಮುಂಚೆ ಗಡಿಯಲ್ಲಿ "ಏನ್ ಮಾಲು? ಬಿಲ್ ಎಲ್ಲಿದೆ?" ಎಂದು ಕೇಳಿದವರಿಗೆ ಇದು ಮಾಲಲ್ಲ, ಇವು ಹಿಂದಿನ ಕಾರಿನಲ್ಲಿರುವವರ ಸ್ವಂತ ಸೈಕಲ್ಲು, ಸಂಜೆಗೆ ವಾಪಸ್ ಹೋಗುತ್ತವೆ ಎಂದು ತಿಳಿಸಿ ಹೇಳಬೇಕಾಗುತ್ತಿತ್ತು. ಮಾರಲೂ ಅಲ್ಲ, ಕೊಳ್ಳಲೂ ಅಲ್ಲ. ಒಯ್ದು ಮಣ್ಣಾಗಿಸಿ ತರಲು ಯಾರಾದರೂ ಬಾಡಿಗೆ ಕೊಡುತ್ತಾರೆ ಎಂಬುದನ್ನು ಬರೆದುಕೊಳ್ಳಲು ಅವರ ಕಾಗದದಲ್ಲಿ ಅಂಕಣ ಇರಲಿಲ್ಲ.

ಕಾಕಾನಿಗೆ ನಾನು ಅವತ್ತು ಇಷ್ಟೆಲ್ಲ ಹೇಳಲಿಲ್ಲ. "ನೀವು ಹೊಡೆದ ದಾರಿ ನಿಮಗ ಬ್ಯಾಡಾಗಿತ್ತು, ಇವ್ರಿಗಿ ಬೇಕಾಗ್ಯದರಿ" ಅಂದೆ. ಅವರು ಡಾಲಾದ ಹತ್ತಿರ ಬಂದು ಒಂದು ಸೈಕಲ್ಲನ್ನು ಕೈಯಲ್ಲಿ ಎತ್ತಿ ನೋಡಿ, ಇಷ್ಟು ಹಗುರಿದ್ದರೆ ಹಾಲಿನ ಕ್ಯಾನು ಎಲ್ಲಿ ತಡೆದೀತು ಅಂದರು. ಸರಿಯಾದ ಮಾತೇ. ಹೊರುವ ಕಷ್ಟ ಇಲ್ಲದವನಿಗೆ ಮಾತ್ರ ಕೆಟ್ಟ ದಾರಿ ಆಟವಾಗುತ್ತದೆ. ಹಾಲಿನವನಿಗೆ ಅದೇ ಗುಂಡಿ ಅರ್ಧ ಲೀಟರಿನ ನಷ್ಟ. ಅವನು ಗೊಣಗಿದ್ದಕ್ಕೇ, ಅವನಂಥವರು ಅರ್ಜಿ ಕೊಟ್ಟಿದ್ದಕ್ಕೇ ಊರಿಗೆ ರಸ್ತೆ ಬಂದದ್ದು, ಬರಬೇಕಾದದ್ದೇ ಸರಿ.

ಆ ರಸ್ತೆ ಇನ್ನೂ ಬರುತ್ತಲೇ ಇದೆ. 2000ದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದಾಗಿನಿಂದ ಹಳ್ಳಿಹಳ್ಳಿಗೆ ಡಾಂಬರು ಹೋಗಿದೆ. ಮೊದಲು ಸಂಗಾರೆಡ್ಡಿಯ ಪಕ್ಕದಲ್ಲೇ ಹುಡುಗರಿಗೆ ಬೇಕಾದ ಮುರದ ದಾರಿ ಸಿಗುತ್ತಿತ್ತು. ಆಮೇಲೆ ಸದಾಶಿವಪೇಟೆ ದಾಟಬೇಕಾಯಿತು, ಈಗ ಗಡಿ ದಾಟಿ ಬೀದರಿನ ಜಂಬಿಟ್ಟಿಗೆಯ ಅಂಚಿಗೆ ಹೋಗಬೇಕು. ಡಾಂಬರು ಒಂದು ಹಳ್ಳಿ ಮುಂದೆ ಹೋದರೆ ನನ್ನ ಬಾಡಿಗೆ ಒಂದು ಹಳ್ಳಿಯಷ್ಟು ಏರುತ್ತದೆ. ಹೀಗಾಗಿ ರಸ್ತೆ ಆದದ್ದರಿಂದ ಕಸುಬು ಕಳೆದುಕೊಂಡ ಲಂಬಾಣಿ, ಬಂಡಿಯವ, ಹಾಲಿನ ಸೈಕಲ್ಲಿನವ, ಈ ಸಾಲಿನಲ್ಲಿ ನನ್ನ ಸರದಿ ಸದ್ಯಕ್ಕಿಲ್ಲ. ಕೊನೆಯ ಮಣ್ಣಿನ ದಾರಿಗೂ ಡಾಂಬರು ಬಿದ್ದ ದಿನ ಮರಳಿನ ಚೀಲ ಇಳಿಸಿ, ವಾರಪೂರ್ತಿ ಡ್ರಮ್ಮು ಹೊರುತ್ತೇನೆ.